ಬೆನ್ನಿನ ಕಡೆಯಿಂದ

ಚಿತ್ರವನ್ನು ಮೊದಲು ಬೆನ್ನಿನ ಕಡೆಯಿಂದ ಓದಬೇಕು
ಅಂತ ಕಲಿಸಿದ್ದು ತಾಹೆರ್‌ಭಾಯಿ,
ಮಟನ್ ಸ್ಟ್ರೀಟಿನ ಗೋದಾಮಿನಲ್ಲಿ,
ತುಟಿಯ ನಡುವೆ ನಾಲ್ಕು ಮೊಳೆ ಕಚ್ಚಿಕೊಂಡು.
ಮೋರೆ ಸುಳ್ಳು ಹೇಳೀತು. ಬೆನ್ನಿಗೆ ಆ ವಿದ್ಯೆ ಗೊತ್ತಿಲ್ಲ.

ಹಾಗಾಗಿ ಹದಿನಾಲ್ಕಡಿಯ ಈ ಯುದ್ಧ
ಕಂಬಳಿಗಳ ಮೇಲೆ ಬೋರಲು ಬಿದ್ದಿದೆ.
ಗಾಮ್‌ದೇವಿಯ ಬಂಗಲೆ ಕೆಡವುವ ಹಿಂದಿನ ದಿನ
ಕಿಟಕಿಯ ಚೌಕಟ್ಟು ಕಿತ್ತು, ಹಗ್ಗ ಕಟ್ಟಿ ಇಳಿಸಿದ್ದು.
ಒಳಗೇನು, ಹೆಣವಾ? ಎಂದ ಟೆಂಪೋದವ.
ಬಹಳ ಇವೆ, ಅಂದೆ.

ಗೆದ್ದಲು ತಿಂದು ಬಿಟ್ಟ ಜಾಗದಲ್ಲಿ ಅವನ ಬದುಕು:
ಒನೊರೆ ಪ್ರಾದಲ್, ಮಸಿಯ ಓರೆ ಅಕ್ಷರ.
ಪ್ಯಾರಿಸ್ಸಿನ ಪ್ರದರ್ಶನದ ಚೀಟಿ, ಸಾವಿರದ ನಾನೂರ ಹನ್ನೆರಡು.
ಪದಕ ಬಂದಾಗ ಅಂಟಿಸಿದ ಹಸಿರು ಕಾಗದ, ಎರಡನೆಯ ದರ್ಜೆ.
ಆಮೇಲೆ ವ್ಯಾಪಾರಿಯ ಸೀಸದಕಡ್ಡಿ:
ಒಂದು ಬೆಲೆ, ಹೊಡೆದು ಹಾಕಿದ್ದು.
ಅದಕ್ಕಿಂತ ಕಡಿಮೆ ಬೆಲೆ, ಹೊಡೆದು ಹಾಕಿದ್ದು.
ಕೊನೆಗೆ ಮಾರ್ಸೇಲ್ಸ್ ಬಂದರಿನ ಮೊಹರು.
ಕೊಂಡವನು ಇಲ್ಲಿಯ ಗಿರಣಿ ಶೇಠ್,
ಬಟ್ಟೆಯವನಲ್ಲವೇ, ಗಜದ ಲೆಕ್ಕದಲ್ಲೇ ಕೊಂಡಿರಬೇಕು.

ತಿರುವಿ ಹಾಕಿದೆವು. ಅಲೆಗ್ಸಾಂಡರ್, ಪುರು ರಾಜ, ಝೇಲಂ ನದಿ,
ಎಲ್ಲಕ್ಕೂ ಹೊಗೆ ಹಿಡಿದ ಒಲೆಗೋಡೆಯ ಬಣ್ಣ.
ಹತ್ತಿಯುಂಡೆಗೆ ಎಂಜಲು ಮುಟ್ಟಿಸಿ ಒರೆಸುತ್ತೇನೆ,
ಅದಕ್ಕಿಂತ ಮೆದು ಸಾಬೂನು ಲೋಕದಲ್ಲಿಲ್ಲ.
ಕಿನ್ನಾಳದಲ್ಲಿ ನನ್ನಜ್ಜ ಗರುಡನಿಗೆ ಕಣ್ಣು ಬರೆವಾಗ
ಉಸಿರೂ ತಾಗದಂತೆ ಬಾಯಿಗೆ ಪಂಚೆ ಕಟ್ಟುತ್ತಿದ್ದ.
ಅವನ ಮೊಮ್ಮಗ ಜಗದೇಕವೀರನಿಗೆ ಎಂಜಲು ಹಚ್ಚುತ್ತಾನೆ,
ದಿನಗೂಲಿ ಎಂಟುನೂರು.

ಒನೊರೆ, ನೀನು ಯಾವೂರ ದರ್ಜಿಯ ಮಗ?
ರೋಮಿನಲ್ಲಿ ಎಷ್ಟು ವರ್ಷ ಗಚ್ಚಿನ ಮೂಗುಗಳನ್ನು ತಿದ್ದಿದೆ?
ಸತ್ತವರ ಮಂಡಿಚಿಪ್ಪು ನಿನಗೆ ಬಾಯಿಪಾಠ.
ಕೂಲಿಗೆ ಬಂದ ಒಬ್ಬನೇ ಇಟಲಿಯವ
ಸೋಮವಾರ ಸಂತ, ಬುಧವಾರ ಗ್ಲಾಡಿಯೇಟರ್,
ಶನಿವಾರ ನಮ್ಮ ಪುರು.
ಅವನ ಭುಜ ಒರೆಸುವಾಗ ಹತ್ತಿ ಕಂದಾಯಿತು,
ಕೆಳಗೆ ಹಾಲುಬಿಳಿ ಚರ್ಮ.
ಹೋದದ್ದು ಕೊಳೆಯೋ, ರಾಜನ ಬಣ್ಣವೋ?
ಅಲ್ಲಿಗೇ ಕೈ ನಿಲ್ಲಿಸಿ ಒಂದು ಕಟಿಂಗ್ ಚಹಾ ಕುಡಿದೆ.

ನೀನು ಬೇಡವಾದೆ. ಅರ್ಧ ಗಂಟೆಯಲ್ಲಿ
ಗಾಳಿ, ಬಿಸಿಲು, ನೀರು ಬಳಿಯುವ ಹುಡುಗರು ಬಂದರು.
ಮುಗಿಸದ ಕೆಲಸ! ಎಂದು ಕೈಯೆತ್ತಿ ನೀನೇ
ಅವರನ್ನು ಬಾಗಿಲಾಚೆ ಹಾಕಿರಬೇಕು.
ನನ್ನಪ್ಪ ದಾದರಿನಲ್ಲಿ ಸಿನಿಮಾ ನಾಯಕರ ಕೆನ್ನೆ ಬರೆಯುತ್ತಿದ್ದ,
ಏಣಿ ಹತ್ತಿ, ದಿನಕ್ಕೊಂದು ಕೆನ್ನೆ.
ಫ್ಲೆಕ್ಸ್ ಬಂದ ವಾರ ಬ್ರಷ್ಷುಗಳನ್ನು ಸೀಮೆಎಣ್ಣೆಗೆ ಹಾಕಿದವನು
ಮತ್ತೆ ಹೊರಗೆ ತೆಗೆಯಲಿಲ್ಲ.

ಆನೆ ಕಡೆಗೆ ಉಳಿಯಿತು.
ಮೊರದಗಲ ಕಿವಿ ಅನ್ನುತ್ತೇವಲ್ಲ, ಇದು ಎರಡೆರಡು ಮೊರ.
ನಮ್ಮದಲ್ಲ ಮಾರಾಯ, ಆಫ್ರಿಕದ್ದು.
ನಿನ್ನೂರ ಮೃಗಾಲಯದಲ್ಲಿ, ಸರಪಳಿಯಲ್ಲಿ,
ಚಳಿಗೆ ಕಾಲು ಬದಲಿಸುತ್ತ ನಿಂತದ್ದನ್ನು
ಪುರುವಿನ ಕೆಳಗೆ ತಂದು ನಿಲ್ಲಿಸಿದ್ದೀ.

ಆದರೆ ಒರೆಸುತ್ತ ಒರೆಸುತ್ತ ಆ ಕಣ್ಣು.
ಐದಾರು ಹಸಿ ಗೆರೆ, ಅಷ್ಟೇ; ಗಡಿಬಿಡಿಯಲ್ಲಿ,
ಬೆರಳು ಮರಗಟ್ಟುವ ಮೊದಲು ಬರೆದದ್ದು,
ನೀನು ಹೊರಗೆ ಹಾಕಿದ ಹುಡುಗರ ಹಾಗೆ.
ಕತ್ತಿ, ಧ್ವಜ, ಧೂಳು, ಯಾವುದೂ ಅದಕ್ಕೆ ಬೇಡ.
ಅದು ನೋಡುತ್ತಿರುವುದು ತನ್ನನ್ನು ನೋಡುತ್ತಿರುವವನನ್ನು.

ವರ್ಲಿಯ ಮೂವತ್ತೆಂಟನೆಯ ಮಹಡಿಯಿಂದ ಫೋನು:
ಹೊಳಪು ಬರಲಿ, ಸೋಫಾಕ್ಕೆ ಹೊಂದಲಿ.
ಇವತ್ತು ಮತ್ತೆ ಬೋರಲು. ಬೆನ್ನಿಗೆ ಹೊಸ ಬಟ್ಟೆ ಅಂಟಿಸುತ್ತೇವೆ,
ಚೀಟಿ, ಮೊಹರು, ಬೆಲೆ, ಎಲ್ಲ ಒಳಗೆ ಮುಚ್ಚಿಹೋಗುತ್ತವೆ.
ಗೋಂದು ಸವರುವ ಮುಂಚೆ ಕಿವಿಯ ಹಿಂದುಗಡೆ
ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದೆ:
ಕಿವಿ ತಪ್ಪು. ಕಣ್ಣು ಸರಿ.

ಏನದು? ಎಂದ ತಾಹೆರ್‌ಭಾಯಿ, ಮೊಳೆಗಳ ಸಂದಿಯಿಂದ.
ಲೆಕ್ಕ, ಅಂದೆ.